ಕೋಲಿಲ್ಲದ ಟೆಂಟು

ಹೊಸ ಮನೆ, ಮೂರನೇ ಮಹಡಿ
ಫೆಬ್ರವರಿ ೧೧, ಭಾನುವಾರ

ನನ್ನ ಮುದ್ದಿನ ಅಪ್ಪಾ,

ಹೇಗಿದ್ದೀಯ? ಮಂಡಿ ಹೇಗಿದೆ? ಮೆಟ್ಟಿಲು ಇಳಿಯುವಾಗ ಈಗಲೂ ಚುಳ್ ಎನ್ನುತ್ತದೆಯೇ? ಫೋನಿನಲ್ಲಿ ಕೇಳಿದರೆ “ನಂಗೇನಮ್ಮಾ, ಗುಂಡುಕಲ್ಲಿನ ಹಾಗಿದ್ದೀನಿ” ಎಂದು ಫೋನನ್ನು ಅಮ್ಮನ ಕೈಗೆ ದಾಟಿಸಿಬಿಡುತ್ತೀಯ. ಅದಕ್ಕೇ ಈ ಪತ್ರ. ಇದನ್ನು ಅರ್ಧಕ್ಕೆ ದಾಟಿಸುವ ಹಾಗಿಲ್ಲ, ಪೂರ್ತಿ ಓದಬೇಕು! ಆಪರೇಶನ್ ಆಗಿ ಇಷ್ಟು ದಿನವಾದರೂ ನೀನು ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲವಂತೆ. ಕೋಲು ಹಿಡಿದು ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರೆ, “ಊರ ಮಕ್ಕಳನ್ನೆಲ್ಲ ಓಡಿಸಿದ ಡ್ರಿಲ್ ಮಾಸ್ತರು ಕೋಲೂರಿಕೊಂಡು ಹೋಗ್ಬೇಕಾ?” ಅಂದೆಯಂತೆ. ನಮ್ಮ ಮದುವೆಯ ಫೋಟೋಗಳಲ್ಲೆಲ್ಲ ನೀನು ಯಾವುದಾದರೂ ಕುರ್ಚಿಯ ಬೆನ್ನು ಹಿಡಿದೇ ನಿಂತಿದ್ದೀಯ. ಫೋಟೋಗ್ರಾಫರ್ ಅದನ್ನು ನಿನ್ನ ಸ್ಟೈಲ್ ಎಂದುಕೊಂಡ. ನನಗೆ ಗೊತ್ತಿತ್ತು ಅಪ್ಪಾ. ಹೋಗಲಿ ಬಿಡು, ಬೈಯಲು ಬರೆಯುತ್ತಿಲ್ಲ. ದೊಡ್ಡ ಸುದ್ದಿಯಿದೆ. ಅಮ್ಮ ಕುಣಿದಾಡುವ ಮೊದಲೇ ಹೇಳಿಬಿಡುತ್ತೇನೆ, ಅದಲ್ಲ. ನಾವು ಟೆಂಟು ಕೊಂಡಿದ್ದೇವೆ!

ಬೆನ್ನಿಗೆ ಹಾಕಿಕೊಂಡು ಬೆಟ್ಟ ಹತ್ತುವಂಥ ಹಗುರ ಟೆಂಟು. ಇವರು (‘ಇವರು’ ಎಂದೇ ಬರೆಯಬೇಕೆಂದು ಅಮ್ಮನ ಆಜ್ಞೆ, ಬರೆಯುವಾಗಲೆಲ್ಲ ನಗು ಬರುತ್ತಿದೆ) ಅಂಗಡಿಗೆ ಕಾಲಿಟ್ಟ ಕೂಡಲೇ ಇಬ್ಬರಿಗೆ ಸಾಕಾಗುವ ಪುಟ್ಟ ಗುಮ್ಮಟದಂಥ ಟೆಂಟಿನ ಮುಂದೆ ನಿಂತುಬಿಟ್ಟರು. ನನ್ನ ಕಣ್ಣೆಲ್ಲ ಮೂಲೆಯಲ್ಲಿದ್ದ ಟೀಪಿ ಟೆಂಟಿನ ಮೇಲೆ. ಚೂಪು ಟೋಪಿಯೊಂದನ್ನು ನೆಲದ ಮೇಲಿಟ್ಟ ಹಾಗೆ! ನಡುವೆ ಒಂದೇ ಕೋಲು, ಸುತ್ತ ಗೂಟ, ಮುಗಿಯಿತು. ನೆಲಹಾಸು ಕೂಡ ಇಲ್ಲ. ಮಡಚಿದರೆ ತಲೆದಿಂಬಿಗಿಂತ ಚಿಕ್ಕದು, ಎತ್ತಿದರೆ ತುಂಬಿದ ನೀರಿನ ಬಾಟಲಿಯಷ್ಟೇ ಭಾರ. ನೀನು ಶಾಲೆಯ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವಾಗ ಹೊರುತ್ತಿದ್ದ ಆ ಕ್ಯಾನ್ವಾಸ್ ಟೆಂಟು ನೆನಪಾಯಿತು. ಅದರ ಮೇಲೆ ನನ್ನನ್ನೂ ಕೂರಿಸಿಕೊಂಡು, ಏದುಸಿರು ಬಿಡುತ್ತಾ, ಮೇಲಿಂದ ಹಾಡು ಬೇರೆ! ಅಂಗಡಿಯ ಅಕ್ಕ “ಮಲಗಿ ನೋಡದೆ ಟೆಂಟ್ ತಗೋಬಾರದು, ಹೋಗಿ” ಎಂದು ಇಬ್ಬರನ್ನೂ ಟೀಪಿಯೊಳಗೆ ಅಟ್ಟಿದರು. ಮಲಗಿದೆವು. ಸರಿಯಾಗಿ ನಮ್ಮಿಬ್ಬರ ನಡುವೆ ಕೋಲು! ಇವರು ಆ ಕಡೆಯಿಂದ “ಮದುವೆಯಾಗಿ ತಿಂಗಳಾಗಿಲ್ಲ, ಆಗ್ಲೇ ಗಡಿಗಲ್ಲು ನೆಟ್ಬಿಟ್ಯಲ್ಲೇ” ಎಂದು ಗೊಣಗಿದರು. ಹೊರಗಿಂದ ಅಕ್ಕ “ಹೊಸ ಜೋಡಿಗಳೆಲ್ಲಾ ಇದೇ ಹೇಳೋದು. ಇಬ್ರೂ ಒಂದೇ ಕಡೆ ಮಲಗಿ, ಆ ಕಡೆ ಬ್ಯಾಗ್ ಇಡಿ” ಎಂದಾಗ ನನ್ನ ಮುಖ ಟೆಂಟಿನ ಬಣ್ಣಕ್ಕೆ ತಿರುಗಿತು. ಟೆಂಟಿನ ಬಣ್ಣ ಕೆಂಪು. ಇದನ್ನೆಲ್ಲ ಅಪ್ಪನಿಗೆ ಬರೆಯಬಾರದೇನೋ, ಬರೆದಾಯಿತು.

ಬಿಲ್ ಮಾಡುವಾಗ ಅಕ್ಕ “ಕೋಲು ಇದರ ಜೊತೆ ಬರಲ್ಲ. ಹಗಲು ಊರಿಕೊಂಡು ನಡೆಯೋ ಕೋಲನ್ನೇ ರಾತ್ರಿ ಒಳಗೆ ನಿಲ್ಸೋದು. ಇದ್ಯಾ ನಿಮ್ಮಲ್ಲಿ?” ಎಂದು ಕೇಳಿದರು. ಇವರು ‘ಇಲ್ಲ’ ಎನ್ನುವಷ್ಟರಲ್ಲಿ ನಾನು ‘ಇದೆ’ ಎಂದುಬಿಟ್ಟೆ.

ಮನೆಗೆ ಬಂದವರೇ ತಾರಸಿಗೆ ಓಡಿದೆವು. ಸಿಮೆಂಟಿಗೆ ಗೂಟ ಹೊಡೆಯುವುದು ಹೇಗೆ? ಸುತ್ತ ನೀರು ತುಂಬಿದ ಬಕೆಟ್ಟುಗಳು, ಎದುರು ಮನೆಯವರ ಹೂಕುಂಡಗಳು, ನಡುವೆ ನೆಲ ಒರೆಸುವ ಕೋಲು. ನಿಂತೇಬಿಟ್ಟಿತು! ಒಳಗೆ ಕೂತು ರಾಜ ರಾಣಿಯರ ಹಾಗೆ ಚಹಾ ಕುಡಿಯುತ್ತಿದ್ದೆವು, ಗಾಳಿ ಬೀಸಿತು, ಒರೆಸುವ ಕೋಲು ಸರ್ರನೆ ಜಾರಿತು, ಅರಮನೆ ತಲೆಯ ಮೇಲೆ! ಬಟ್ಟೆ ಒಣಹಾಕಲು ಬಂದ ಕೆಳಮನೆಯ ಅಜ್ಜಿ “ಅಯ್ಯೋ, ಯಾರದು ಒಳಗೆ?” ಎಂದು ಕೂಗಿದರೆ, ನಮ್ಮ ನಗು ಇನ್ನೂ ಜೋರಾಯಿತು. ಆ ಕೆಂಪು ಬಟ್ಟೆಯ ಕೆಳಗೆ ಬಿದ್ದುಕೊಂಡೇ ಇವರು ಒಂದು ಮಾತು ಹೇಳಿದರು. ನನಗೆ ನಗು ನಿಂತು ಅಳು ಬಂತು. ಒಳ್ಳೆಯ ಅಳು, ಹೆದರಬೇಡ.

ಅಮ್ಮನಿಗೆ ನನ್ನದೊಂದು ದೊಡ್ಡ ಅಪ್ಪುಗೆ. ಹಾಸಿಗೆ ಬಿಟ್ಟು ಎಲ್ಲೂ ನಿದ್ದೆ ಬಾರದ ಅವಳನ್ನು ಬೆಟ್ಟಕ್ಕೆ ಕರೆಯುವುದಿಲ್ಲ ಎಂದು ಧೈರ್ಯ ಹೇಳು. ನಿನ್ನ ಮಂಡಿಗೂ ನಿನ್ನ ಹಠಕ್ಕೂ ನನ್ನ ಮುತ್ತುಗಳು. ಇವರೂ ನಮಸ್ಕಾರ ಹೇಳುತ್ತಿದ್ದಾರೆ, ಭುಜದ ಮೇಲಿಂದ ಇಣುಕಿ ಓದುತ್ತಾ.

ನಿನ್ನ
ವಟವಟ

ತಾ.ಕ.: ಹೇಳಲು ಮರೆತೆ (ಸುಳ್ಳು, ಮರೆತಿರಲಿಲ್ಲ). ನನ್ನ ಮೊದಲ ಸಂಬಳದಲ್ಲಿ ನಿನಗೆ ತಂದ, ಎಳೆದರೆ ಉದ್ದವಾಗುವ ಆ ಕೋಲು, “ನಾನೇನು ಮುದುಕನಾ?” ಎಂದು ಬೀರುವಿನ ಹಿಂದೆ ನೂಕಿದೆಯಲ್ಲ, ಅದು ಬೇಕು. ಅಂಥದ್ದನ್ನೇ ಅಂಗಡಿಯಲ್ಲಿ ನಿಲ್ಲಿಸಿ ನೋಡಿದೆ, ಪೂರ್ತಿ ಎಳೆದರೆ ಸರಿಯಾಗಿ ಟೆಂಟಿನ ಎತ್ತರ. ಪಾರ್ಸೆಲ್ ಮಾಡಬೇಡ, ನೀನೇ ತರಬೇಕು. ಇವರು ಅಂದ ಮಾತು ಅದೇ: “ಮಾವನವರನ್ನೂ ಕರೆಯೋಣ ಕಣೇ. ಕೋಲಿನ ಆ ಕಡೆ ಬ್ಯಾಗ್ ಯಾಕೆ, ಅವರೇ ಇರಲಿ.” ಬೆಟ್ಟ ಸಣ್ಣದು, ದಾರಿ ಅಗಲ. ಡಾಕ್ಟರನ್ನು ನಾನೇ ಫೋನ್ ಮಾಡಿ ಕೇಳಿದೆ. ಇವತ್ತಿನಿಂದ ದಿನಾ ಕೋಲು ಹಿಡಿದು ನಡೆದರೆ ಬೇಸಿಗೆಯ ಹೊತ್ತಿಗೆ ಹತ್ತಬಹುದಂತೆ. ನಾವು ಬೇರೆ ಕೋಲು ಕೊಳ್ಳುವುದಿಲ್ಲ, ನೀನು ಬರುವವರೆಗೆ ಮಡಚಿಟ್ಟ ಟೆಂಟು ಬಿಚ್ಚುವುದೂ ಇಲ್ಲ. ಹಗಲು ಆ ಕೋಲಿನ ಮೇಲೆ ನೀನೊಬ್ಬನೇ ಭಾರ ಹಾಕು ಅಪ್ಪಾ, ರಾತ್ರಿ ಮೂವರೂ ಹಾಕೋಣ.