ಬಾಳೆಗೊನೆ ಇದ್ದ ಜಾಗ

ಅಪ್ಪಾ,

ಬಿಬಿಎಯಲ್ಲಿ ನಮಗೆ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಅಂತ ಒಂದು ವಿಷಯವಿದೆ. ಕೆಲಸಕ್ಕೆ ಅಡ್ಡಿಯಾಗದಂತೆ ಯಾವ ವಸ್ತು ಎಲ್ಲಿರಬೇಕು ಎಂದು ಕಲಿಸುತ್ತಾರೆ. ಪ್ರಾಜೆಕ್ಟಿಗೆ ಚಾಮರಾಜಪೇಟೆಯ ನಿನ್ನ ತರಕಾರಿ ಅಂಗಡಿಯನ್ನೇ ಆರಿಸಿಕೊಂಡೆ. ಬಾಗಿಲಲ್ಲಿ ಎಲ್ಲರ ತಲೆಗೂ ತಾಗುತ್ತಿದ್ದ ಬಾಳೆಗೊನೆಯನ್ನು ಮೂಲೆಗೆ ಸಾಗಿಸಿದೆ.

ಇವತ್ತು ನಮ್ಮ ಮೇಷ್ಟ್ರು ನೋಡಲು ಬಂದರು. ಅವರು ಕಾಲಿಡುತ್ತಲೇ ನನ್ನ ಬಾಯಿಂದ ನಿನ್ನ ಮಾತು ಬಂತು: "ತಲೆ ಸ್ವಾಮಿ, ತಲೆ."

ಪಾಪ, ಬಗ್ಗಿದರು. ಮೇಲೆ ಏನೂ ಇರಲಿಲ್ಲ. ಹಿಂದಿದ್ದ ಅಮ್ಮನೂ ಬಗ್ಗಿಕೊಂಡೇ ಬಂದಳು.

"ಥೇಟ್ ನಿಮ್ಮಪ್ಪನ ಥರಾನೇ ಕೂಗ್ತೀಯಲ್ಲೇ" ಅಂದವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನೀನು ಹೋದಮೇಲೆ ಅವಳ ನಗು ಕೇಳಿದ್ದು ಇವತ್ತೇ.

ಅಂಕ ಚೆನ್ನಾಗಿ ಬಂತು. ಮೇಷ್ಟ್ರು ಆ ಕಡೆ ಹೋದದ್ದೇ ತಡ, ನಾವಿಬ್ಬರೂ ಸೇರಿ ಗೊನೆಯನ್ನು ಮತ್ತೆ ಬಾಗಿಲಿಗೇ ಕಟ್ಟಿದೆವು.

ನಾಳೆಯಿಂದ ಕೂಗುವುದು ನನ್ನ ಕೆಲಸ.

ನಿನ್ನ ಧನು