ಎರಡಕ್ಕೂ ಕಾಲು

ಐಂಡ್‌ಹೋವನ್
ಶನಿವಾರ, ೨೩ ನವೆಂಬರ್ ೨೦೨೪

ಪ್ರೀತಿಯ ಸಾತ್ವಿಕ್,

ಹೇಗಿದ್ದೀಯಾ ಎಂದು ಕೇಳುವುದಕ್ಕೂ ನಾಚಿಕೆಯಾಗುತ್ತದೆ ಮಗಾ. ನೀನು ರೋಟರ್‌ಡ್ಯಾಮಿನ ಆಸ್ಪತ್ರೆ ಸೇರಿ ಇವತ್ತಿಗೆ ಮೂರು ವಾರ. ಮಾರನೇ ದಿನ ಒಂದು ಸಲ ಬಂದಿದ್ದೆ. ನಿನ್ನ ಫೋನನ್ನು ರಿಸೆಪ್ಷನ್‌ನಲ್ಲಿ ಕೊಟ್ಟು, ಲಿಫ್ಟಿನ ತನಕ ಹೋಗಿ, ಹಾಗೇ ತಿರುಗಿ ಬಂದು ರೈಲು ಹತ್ತಿದೆ. ಕ್ಷಮಿಸು. ಮೆಸೇಜ್ ಹಾಕೋಣವೆಂದರೆ ನಮ್ಮ ಚಾಟ್ ತೆರೆಯಲು ಆಗುತ್ತಿಲ್ಲ, ಅದಕ್ಕೇ ಈ ಕಾಗದ. ಹತ್ತನೇ ಕ್ಲಾಸಿನ ಪರೀಕ್ಷೆಯ ನಂತರ ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ನಕ್ಕುಬಿಡು.

ನಿನ್ನ ಅಮ್ಮ ನಮ್ಮ ಮನೆಯಲ್ಲೇ, ನಿನ್ನ ರೂಮಿನಲ್ಲೇ ಇದ್ದಾರೆ. ಮೈಸೂರಿನಿಂದ ಬಂದವರಿಗೆ ಈ ಚಳಿ ತಡೆಯುತ್ತಿಲ್ಲ, ನಿನ್ನ ದಪ್ಪ ಜಾಕೆಟ್ಟನ್ನು ಸೀರೆಯ ಮೇಲೆ ಹಾಕಿಕೊಂಡು ಅಡುಗೆ ಮಾಡುತ್ತಾರೆ. ದಿನ ಬಿಟ್ಟು ದಿನ ರೈಲಿನಲ್ಲಿ ನಿನ್ನ ಹತ್ತಿರ ಬರುವಾಗ ಡಬ್ಬಿಗೆ ಮೊಸರನ್ನ ತುಂಬಿಕೊಳ್ಳುವುದನ್ನು ನೋಡುತ್ತಿರುತ್ತೇನೆ. ಬಲಗೈಗೆ ತೊಡೆಯ ಚರ್ಮ ಹಾಕಿದ್ದಾರೆ, ತೋರುಬೆರಳನ್ನು ಎರಡನೇ ಗೆಣ್ಣಿನ ತನಕ ತೆಗೆದಿದ್ದಾರೆ ಎಂದು ನನಗೆ ಹೇಳಿದವರೂ ಅವರೇ. ಹೇಳುವಾಗ ಬೀನ್ಸ್ ಹೆಚ್ಚುತ್ತಿದ್ದರು, ನಿಲ್ಲಿಸಲಿಲ್ಲ.

ಮೊದಲ ವಾರ ಅವರು ನನ್ನನ್ನು ಕೂರಿಸಿಕೊಂಡು ಕೇಳಿದರು. "ಏನಪ್ಪಾ ಅದು ಕಿಶನ್, ಸಿಗರೇಟಾ?"

"ಅಲ್ಲ ಆಂಟಿ, ವೇಪ್ ಅಂತ. ಒಂದು ತಂತಿ ಸುರುಳಿ ಇರುತ್ತೆ, ಕಾಯಿಲ್ ಅಂತೀವಿ. ಬ್ಯಾಟರಿಯಿಂದ ಅದು ಕಾಯುತ್ತೆ, ಅದರ ಮೇಲಿರೋ ದ್ರವ ಹಬೆ ಆಗುತ್ತೆ, ಅದನ್ನ ಎಳ್ಕೊಳೋದು. ಅಂಗಡೀಲಿ ಸಿಗೋದ್ರಲ್ಲಿ ಒಂದು ಚಿಪ್ ಇರುತ್ತೆ, ಜಾಸ್ತಿ ಕರೆಂಟ್ ಹೋದ್ರೆ ನಿಲ್ಸುತ್ತೆ. ನಮ್ದು ಬರೀ ಹಿತ್ತಾಳೆ ಕೊಳವೆ. ಒಳಗೆ ಬ್ಯಾಟರಿ, ಕೆಳಗೆ ಬಟನ್ನು, ಅಷ್ಟೇ."

"ನಿಲ್ಸೋದು ಯಾಕಿಲ್ಲ?"

ಅದೇ ಅದರ ಮಜಾ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಆ ಶನಿವಾರದ್ದು ನಿನಗೆ ನೆನಪೇ ಇಲ್ಲವಂತೆ. ತಿಂಡಿ ತಿಂದದ್ದು ಗೊತ್ತು, ಆಮೇಲೆ ಆಂಬುಲೆನ್ಸಿನ ಒಳಗಿನ ದೀಪ ಗೊತ್ತು, ನಡುವೆ ಏನೂ ಇಲ್ಲ ಎಂದು ಆಂಟಿ ಹೇಳಿದರು. ಹಾಗಾಗಿ ನಾನೇ ಹೇಳುತ್ತೇನೆ.

ನಾನು ನಮ್ಮ ಕನ್ನಡದವರ ದೀಪಾವಳಿ ಊಟಕ್ಕೆ ಹೊರಟೆ. ನೀನು ನೆಗಡಿ ಎಂದು ಮನೆಯಲ್ಲೇ ಉಳಿದೆ. ಸುಳ್ಳು ನೆಗಡಿ ಕಣೋ, ಹೊಸ ಕೊಳವೆಗೆ ಕಾಯಿಲ್ ಕಟ್ಟಬೇಕಿತ್ತು ನಿನಗೆ. ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹರಿದಿಲ್ಲವೆಂದು ಬೆಳಿಗ್ಗೆ ಇಬ್ಬರೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೆವು. "ಕೀ ಜೊತೆ ಜೇಬಿಗೆ ಹಾಕ್ಬೇಡ, ಡಬ್ಬೀಲೇ ಇಡು" ಎಂದೆ. "ಸಾಕ್ ನಿಲ್ಸೋ, ನಮ್ಮಮ್ಮನೇ ವಾಸಿ" ಎಂದೆ ನೀನು. ಸಿಪ್ಪೆಯ ವಿಷಯದಲ್ಲಿ ನಾನು ಎಷ್ಟು ಕಟ್ಟುನಿಟ್ಟು, ಗೊತ್ತಲ್ಲ.

ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಕೆಳಮನೆಯ ಹೆನ್ನಿ ಅಜ್ಜಿಗೆ ಢಂ ಎಂದು ಕೇಳಿಸಿತು. ಹೊಸ ವರ್ಷಕ್ಕೆ ಎರಡು ತಿಂಗಳಿರುವಾಗಲೇ ಪಟಾಕಿ ಹೊಡೆಯುತ್ತಿದ್ದೀರೆಂದು ಬೈಯಲು ಮೆಟ್ಟಿಲು ಹತ್ತಿ ಬಂದರು. ಬಾಗಿಲು ತೆರೆದೇ ಇತ್ತು. ನಿನ್ನ ಕೈಯನ್ನು ಸಿಂಕಿನ ನಲ್ಲಿಯ ಕೆಳಗೆ ಹಿಡಿದು, ಇನ್ನೊಂದು ಕೈಯಲ್ಲಿ ೧೧೨ಕ್ಕೆ ಫೋನ್ ಮಾಡಿದವರು ಅವರು. ನಾನು ಸೈಕಲ್ ತುಳಿದು ಬರುವಷ್ಟರಲ್ಲಿ ನಿನ್ನನ್ನು ಕೆಳಗೆ ಇಳಿಸುತ್ತಿದ್ದರು. ಆಂಬುಲೆನ್ಸಿನಲ್ಲಿ ನನಗೆ ಜಾಗವಿಲ್ಲ ಎಂದರು. ಅಗ್ನಿಶಾಮಕದವನೊಬ್ಬ ಆ ಕೊಳವೆಯನ್ನು ಇಕ್ಕಳದಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದ. ಗ್ಯಾಸ್ ಹೊರಬರುವ ತೂತು ನಿನ್ನ ಅಂಗೈಯ ಕಡೆಗಿತ್ತು ಎಂದು ಅವನೇ ಹೇಳಿದ್ದು.

ಯಾಕೆ ಹೀಗಾಯಿತು ಎಂದು ನನಗೆ ತಿಳಿಸಿದವರು ಶಿವಪ್ರಸಾದಣ್ಣ. ನಮ್ಮ 'ಹೊಗೆ ಬಳಗ' ಗ್ರೂಪಿನಲ್ಲಿ ಬಾಯಿ ಬಿಡದೆ ಓದುತ್ತಿದ್ದ ಧಾರವಾಡದ ಇಂಜಿನಿಯರ್. ಆಮೇಲಿನ ಭಾನುವಾರ ನನ್ನನ್ನು ಮನೆಗೆ ಕರೆಸಿ, ಫೋನ್ ತೆರೆದು ಮುಂದಿಟ್ಟರು. ಕೊಳವೆ ಸಿಡಿಯುವ ಹಿಂದಿನ ದಿನ ನೀನು ಗ್ರೂಪಿನಲ್ಲಿ ಕೇಳಿದ್ದೆ: "ಎರಡು ಕಾಯಿಲ್ ಹಾಕ್ತಿದೀನಿ, ಎಷ್ಟು ಓಮ್ ಇರ್ಬೇಕು ಗುರು?" ನಾನು ಉತ್ತರ ಕೊಟ್ಟಿದ್ದೆ: "ಎರಡಕ್ಕೂ ಕಾಲು." ಪಕ್ಕದಲ್ಲಿ ಐದು ಬೆಂಕಿಯ ಚಿತ್ರ.

"ಎರಡಕ್ಕೂ ಅಂದ್ರ ಕೂಡಿಸಿ ಕಾಲೋ, ಒಂದೊಂದಕ್ಕ ಕಾಲೋ?" ಎಂದು ಕೇಳಿದರು.

"ಕೂಡಿಸಿ, ಅಣ್ಣಾ."

"ಅವಾ ಒಂದೊಂದಕ್ಕ ಅಂತ ತಿಳ್ಕೊಂಡಾನ. ನೀ ಕೂಡಿಸಿ ಅಂತ ಯಾಕ ಬರೀಲಿಲ್ಲ ತಮ್ಮಾ? ಬೆಂಕಿ ಹಾಕಾಕ ಜಾಗಾ ಇತ್ತಲ್ಲ."

ಆಮೇಲೆ ಪೆನ್ಸಿಲ್ ಹಿಡಿದು ಲೆಕ್ಕ ತೋರಿಸಿದರು. ಒಂದು ಬಾಗಿಲಿದ್ದ ಕಡೆ ಎರಡು ತೆರೆದರೆ ಜನ ದುಪ್ಪಟ್ಟು ನುಗ್ಗುತ್ತಾರೆ. ಕಾಲು ಓಮಿನ ಎರಡು ಸುರುಳಿ ಅಕ್ಕಪಕ್ಕ ಹಾಕಿದರೆ ಕರೆಂಟಿಗೆ ಒಟ್ಟು ಅರೆಕಾಲು ಓಮಿನ ತಡೆ ಮಾತ್ರ ಉಳಿಯುತ್ತದೆ. ನಾನು ಅಂದುಕೊಂಡ ಹಾಗಿದ್ದರೆ ಬ್ಯಾಟರಿಯಿಂದ ಹದಿನೇಳು ಆಂಪ್ಸ್ ಹೋಗುತ್ತಿತ್ತು, ನೀನು ಕಟ್ಟಿದ್ದಕ್ಕೆ ಮೂವತ್ತು ದಾಟಿತು. ಆ ಬ್ಯಾಟರಿ ತಡೆಯುವುದು ಇಪ್ಪತ್ತು. ಇದನ್ನೆಲ್ಲ ನಾನು ಥ್ರೆಡ್‌ಗಳಲ್ಲಿ ನೂರು ಸಲ ಓದಿದ್ದೇನೆ, ಸ್ಕ್ರೀನ್‌ಶಾಟ್ ತೆಗೆದು ನಿಮಗೆಲ್ಲ ಕಳಿಸಿದ್ದೇನೆ. ನೀವೆಲ್ಲ ಗುರು ಗುರು ಎಂದಾಗ ನನಗೆ ಎಷ್ಟು ಹಿತವಾಗುತ್ತಿತ್ತು ಗೊತ್ತಾ? ಎರಡು ವರ್ಷದಿಂದ ಈ ಊರಿನಲ್ಲಿ ನನ್ನನ್ನು ಯಾರೂ ಏನನ್ನೂ ಕೇಳಿದ್ದಿಲ್ಲ. ಆಫೀಸಿನಲ್ಲಿ ಮೀಟಿಂಗ್ ಮುಗಿಯುವ ತನಕ ಮ್ಯೂಟ್‌ನಲ್ಲೇ ಇರುತ್ತೇನೆ.

ಗ್ರೂಪ್ ಬಿಟ್ಟೆ. ನನ್ನ ಕೊಳವೆ, ತಂತಿ, ಮೀಟರ್ ಎಲ್ಲವನ್ನೂ ಕಸ ಹಾಕುವ ಮಿಲ್ಯೂಸ್ಟ್ರಾಟ್‌ಗೆ ಕೊಂಡೊಯ್ದೆ. ಬ್ಯಾಟರಿಗಳನ್ನು ಅಲ್ಲಿನವನು ಒಂದೊಂದಾಗಿ ಎಣಿಸಿ, ಎರಡೂ ತುದಿಗೆ ಟೇಪ್ ಸುತ್ತಿ ಡಬ್ಬಕ್ಕೆ ಹಾಕಿದ. ನನಗಿಂತ ನಿಧಾನಸ್ಥ.

ಮೊನ್ನೆ ಆಂಟಿ ಉಪ್ಪಿಟ್ಟು ಬಡಿಸುತ್ತಾ ಹೇಳಿದರು: "ಅವನು ಎಡಗೈಯಲ್ಲಿ ಫೋನ್ ತಗೊಂಡು ಎಲ್ಲಾ ಹುಡುಕಿದಾನೆ ಕಿಶನ್. 'ಅಮ್ಮಾ, ಒತ್ತೋಕೆ ಮುಂಚೆ ನಾನು ಕಿಶನ್‌ನ ಕೇಳೇ ಇಲ್ಲ, ನಂದೇ ತಪ್ಪು, ಅವನಿಗೆ ಏನೂ ಅನ್ಬೇಡ' ಅಂದ. ಒಂದ್ ಮಾತು ಕೇಳ್ಬಾರ್ದಿತ್ತಾ ಇವನು? ಚಿಕ್ಕೋನಿಂದ್ಲೂ ಹಾಗೇ, ಕೇಳೋ ಸ್ವಭಾವಾನೇ ಇಲ್ಲ."

ನಾನು ಹ್ಞೂಂ ಎಂದೆ.

ನಿನ್ನ ಕಂಪನಿಯವರು ಮೂರು ತಿಂಗಳು ಕಾಯುತ್ತಾರಂತೆ, ಒಳ್ಳೆಯ ಸುದ್ದಿ. ಆಮೇಲೆ ಲ್ಯಾಬ್ ಬಿಟ್ಟು ಬೇರೆ ಕೆಲಸ ಕೊಡಬಹುದಂತೆ. ನಿನಗೆ ಲ್ಯಾಬ್ ಬಿಟ್ಟರೆ ಏನೂ ಬೇಡವೆಂದು ನನಗೆ ಗೊತ್ತು. ಹೊಸ ಚರ್ಮ ಚೆನ್ನಾಗಿ ಕೂರಲಿ. ಉರಿ ಕಡಿಮೆಯಾಗಿ ನಿದ್ದೆ ಬರಲಿ. ಆ ಕೈಯಲ್ಲಿ ನೀನು ಮತ್ತೆ ಸ್ಕ್ರೂಡ್ರೈವರ್ ಹಿಡಿಯುವಂತಾಗಲಿ, ನಿನಗೆ ಎಲ್ಲಾ ಒಳ್ಳೆಯದಾಗಲಿ.

ನಿನ್ನ
ಕಿಶನ್

ವಿ.ಸೂ.: ಇಷ್ಟು ಬರೆದು ಕವರಿಗೆ ಹಾಕಿ ಅಂಟಿಸಿದ್ದೆ. ಹರಿದು ಮತ್ತೆ ತೆಗೆದೆ.

ಸಾತ್ವಿಕ್, ನೀನು ಕೇಳಿದ್ದೆ. ಅವತ್ತು ಒಂದೂ ಇಪ್ಪತ್ತಕ್ಕೆ ನನಗೊಬ್ಬನಿಗೇ ಮೀಟರಿನ ಫೋಟೊ ಕಳಿಸಿದ್ದೆ. "ಒಂದೊಂದೂ ಕಾಲು ಕಟ್ಟಿದೀನಿ, ಎರಡೂ ಸೇರಿ 0.12 ತೋರಿಸ್ತಿದೆ. ಕಮ್ಮಿ ಆಯ್ತಲ್ವಾ? ಒತ್ಲಾ ಬೇಡ್ವಾ?" ನಾನು ಊಟದ ಸಾಲಿನಲ್ಲಿದ್ದೆ. ಫೋಟೊ ತೆರೆಯಲಿಲ್ಲ, ಪೂರ್ತಿ ಓದಲೂ ಇಲ್ಲ. ಹೆಬ್ಬೆರಳಿನ ಚಿತ್ರ ಒತ್ತಿ ಫೋನ್ ಜೇಬಿಗಿಟ್ಟೆ. ನೀನು ಅದಕ್ಕಾಗಿ ಆರು ನಿಮಿಷ ಕಾದಿದ್ದೆ.

ನಿನ್ನನ್ನು ಕರೆದೊಯ್ದ ಮೇಲೆ ಮನೆಯಲ್ಲಿ ನಾನೊಬ್ಬನೇ ಉಳಿದೆ. ನಿನ್ನ ಫೋನ್ ಮೇಜಿನ ಮೇಲಿತ್ತು, ಪಾಸ್‌ಕೋಡ್ ನನಗೆ ಗೊತ್ತಿತ್ತು. ನಿನ್ನ ಪ್ರಶ್ನೆ, ಫೋಟೊ, ನನ್ನ ಹೆಬ್ಬೆರಳು ಎಲ್ಲವನ್ನೂ ನಿನ್ನ ಫೋನಿನಿಂದಲೇ ಅಳಿಸಿದೆ, ಗುರುತೂ ಉಳಿಯದ ಹಾಗೆ. ಮೇಲೆ ಇಷ್ಟೊತ್ತು 'ಎರಡಕ್ಕೂ' ಎಂಬ ಒಂದು ಪದದ ಮೇಲೆ ತಪ್ಪು ಹೊರಿಸಿ ಬರೆದೆ. ಆ ಪದ ನಂಬಿ ಕಟ್ಟಿದರೂ ಮೀಟರ್ ನೋಡಿ ನಿನಗೆ ಅನುಮಾನ ಬಂತು, ನೀನು ನಿಲ್ಲಿಸಿದೆ, ಕೇಳಿದೆ. ಒತ್ತು ಎಂದವನು ನಾನು.

ಇದನ್ನು ಆಂಟಿಗೂ ಓದಿ ಹೇಳು. ನಾನೇ ಹೇಳಬೇಕೆಂದು ಎರಡು ಸಲ ಅಡುಗೆಮನೆಗೆ ಹೋದೆ. ಎರಡು ಸಲವೂ ಅವರು ಮೊದಲು ನನಗೆ ಊಟಕ್ಕೆ ತಟ್ಟೆ ಹಾಕಿಬಿಟ್ಟರು.