ಬೆಳ್ಳಕ್ಕಿ ಅಲ್ಲ

ರವಿವಾರ, 17 ನವೆಂಬರ್ 2024

ನನ್ನ ಅಕ್ಷರ ಕೋಳಿ ಕೆದರಿದಂತಿದೆ, ಕಾಗುಣಿತವೂ ತಪ್ಪು. ಐದನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಈ ದಿನಚರಿ ವಹಿಯೇ ಕ್ಷಮಿಸಬೇಕು.

ಅಭಿನಂದನ ಅಣ್ಣ ಕೊಲ್ಲಾಪುರದ ಕೆರೆಯ ಸುತ್ತ ಜನರಿಗೆ ಹಕ್ಕಿ ತೋರಿಸುವ ಗೈಡ್. ಪ್ರತಿ ರವಿವಾರ ನಮ್ಮೂರು ಕೊಗನೊಳ್ಳಿಯಿಂದ ನಾನೂ ನೀರಿನ ಬಾಟಲಿ ಹೊತ್ತು ಜೊತೆಗೆ ಹೋಗುತ್ತೇನೆ. ಇಂದು ಅವನು ಜಾಲಿ ಮರದತ್ತ ಕೈ ಮಾಡಿ, "ಅಲ್ಲಿ ನೋಡ್ರಿ, ಬೆಳ್ಳಕ್ಕಿ" ಎಂದ. ಕೊಂಬೆಗೆ ಸಿಕ್ಕಿದ್ದು ಬಿಳಿ ಪ್ಲಾಸ್ಟಿಕ್ ಚೀಲ.

"ಗೈಡ್ ಸಾಹೇಬ್ರ, ಇದ್ಯಾವ ದೇಶದಿಂದ ಬಂದೈತ್ರಿ? ಮೈಮ್ಯಾಲ ಅಂಗಡಿ ಹೆಸರ ಐತಿ!" ಎಂದರು ನಿಪ್ಪಾಣಿಯಿಂದ ಹಕ್ಕಿ ನೋಡಲು ಬಂದಿದ್ದ ಹಿರಿಯ ಮಾವಶಿಯೊಬ್ಬರು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ, ಬೇಕೆಂದೇ ಚೇಷ್ಟೆ ಮಾಡಿದವನಂತೆ. ಅದು ಚೀಲವೆಂದು ನನಗೆ ಮೊದಲೇ ಕಂಡಿತ್ತು. ಅಷ್ಟು ಜನರ ಮುಂದೆ ಅವನನ್ನು ತಿದ್ದಲು ಮನಸ್ಸು ಬರಲಿಲ್ಲ.

ಬಸ್ಸಿನಲ್ಲಿ ಕೇಳಿದೆ, "ಅಣ್ಣಾ, ಡಾಕ್ಟರಿಗೆ ಕಣ್ಣ ತೋರಸೂಣೇನು?"

"ಸುಮ್ನ ಕುಂದ್ರ. ಅವ್ವಗ ಹೇಳಬ್ಯಾಡ. ಈ ಕೆಲಸ ಹೋದ್ರ ನಾ ಏನ್ ಮಾಡ್ಲಿ?"

ಮುಂದಿನ ರವಿವಾರವೂ ಹೀಗೆಯೇ ಆದರೆ...

ಬೆಳಿಗ್ಗೆ ಹೊರಡುವಾಗ, "ದುರ್ಬೀನು ಹೊಲಸಾಗೈತಿ, ಒರಸಿ ಕೊಡ" ಎಂದಿದ್ದ. ಓಢಣಿಯಿಂದ ಒರೆಸಿದೆ. ಗಾಜು ಮೊದಲೇ ಸ್ವಚ್ಛವಿತ್ತು. ಆದರೂ ಮತ್ತೊಮ್ಮೆ ಒರೆಸಿ ಕೊಟ್ಟೆ.